ಸೈಮಾದ ಐನೂರು ಸೀಲ್‌ಗಳು

ಹೆಲ್ಸಿಂಕಿಯಿಂದ ಈಶಾನ್ಯಕ್ಕೆ ಹೊರಟ ರಸ್ತೆ ಲಹ್ತಿ ಪಟ್ಟಣ ದಾಟಿದ ಮೇಲೆ ನೀರಿನ ಸಹವಾಸ ಬಿಡುವುದೇ ಇಲ್ಲ. ಎಡಕ್ಕೆ ಪೈನ್ ಕಾಡು, ಬಲಕ್ಕೆ ಬಿಳಿ ತೊಗಟೆಯ ಬರ್ಚ್ ಮರಗಳು, ನಡುನಡುವೆ ಥಟ್ಟನೆ ತೆರೆದುಕೊಳ್ಳುವ ಸರೋವರಗಳು. ಮಿಕ್ಕೆಲಿ ಬರುವ ಹೊತ್ತಿಗೆ ಯಾವುದು ಸರೋವರ, ಯಾವುದು ಅದರ ತೋಳು, ಯಾವುದು ದ್ವೀಪ ಎಂದು ಲೆಕ್ಕ ಇಡುವುದನ್ನು ಬಿಟ್ಟುಬಿಡುತ್ತೇವೆ. ಎಸ್ಪೂದಲ್ಲಿ ನೆಲೆಸಿರುವ ಗೆಳೆಯನ ಕುಟುಂಬದ ಜೊತೆ ನಾನು ಈ ದಾರಿಯಲ್ಲಿ ಹೋದದ್ದು ಮೇ ತಿಂಗಳ ಕೊನೆಯಲ್ಲಿ. ರಾತ್ರಿ ಹತ್ತು ಗಂಟೆಗೂ ಬೆಳಕಿರುವ ಕಾಲ ಅದು. ಫಿನ್ಲೆಂಡಿಗೆ ಬಂದವರು ಸಾಮಾನ್ಯವಾಗಿ ಉತ್ತರಕ್ಕೆ, ಲ್ಯಾಪ್‌ಲ್ಯಾಂಡಿನ ಕಡೆ ಹೋಗುತ್ತಾರೆ. ನಾನು ಪೂರ್ವದ ಕಡೆ ಹೊರಟದ್ದು ಒಂದು ಪ್ರಾಣಿಗಾಗಿ. ಅದು ಜಗತ್ತಿನಲ್ಲಿ ಅಲ್ಲಿನ ಸೈಮಾ ಎಂಬ ಒಂದು ಸರೋವರದಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಅಲ್ಲಿಯೂ ಅದರ ಸಂಖ್ಯೆ ಸುಮಾರು ಐನೂರು.

ಸೈಮಾ ಫಿನ್ಲೆಂಡಿನ ಅತಿ ದೊಡ್ಡ ಸರೋವರ. ವಿಸ್ತೀರ್ಣ ಸುಮಾರು 4,400 ಚದರ ಕಿಲೋಮೀಟರ್. ಆದರೆ ದಡದಲ್ಲಿ ನಿಂತು ನೋಡಿದರೆ ಆ ವಿಸ್ತಾರ ಕಣ್ಣಿಗೆ ಬೀಳುವುದಿಲ್ಲ. ಒಳಗೆ ಸುಮಾರು 14,000 ದ್ವೀಪಗಳಿವೆ. ನೀರು ಅವುಗಳ ನಡುವೆ ಸುತ್ತಿ ಬಳಸಿ, ಒಮ್ಮೆ ಇಕ್ಕಟ್ಟಾಗಿ ಒಮ್ಮೆ ವಿಶಾಲವಾಗಿ ಹರಡಿಕೊಂಡಿದೆ. ದಡವನ್ನೆಲ್ಲ ಅಳೆದರೆ ಸುಮಾರು 15,000 ಕಿಲೋಮೀಟರ್ ಆಗುತ್ತದೆ. ಪ್ರತಿಯೊಂದು ಭಾಗಕ್ಕೂ ಸ್ಥಳೀಯರು ಬೇರೆ ಬೇರೆ ಹೆಸರಿಟ್ಟಿದ್ದಾರೆ: ಹೌಕಿವೆಸಿ, ಪಿಹ್ಲಯವೆಸಿ, ಕೊಲೊವೆಸಿ. ಇವುಗಳ ನಡುವೆ, ನೀರು ಕಿರಿದಾಗಿ ರಭಸದಿಂದ ಹರಿಯುವ ಕಡೆ ಸವೊನ್ಲಿನ್ನ ಪಟ್ಟಣವಿದೆ. ಅಲ್ಲಿನ ಬಂಡೆಯ ಮೇಲೆ 1475ರಲ್ಲಿ ಕಟ್ಟಲು ಶುರುಮಾಡಿದ ಒಲಾವಿನ್ಲಿನ್ನ ಕೋಟೆಯ ಮೂರು ದುಂಡು ಬುರುಜುಗಳು ಇವತ್ತಿಗೂ ನಿಂತಿವೆ. ಬೇಸಿಗೆಯಲ್ಲಿ ಕೋಟೆಯೊಳಗೆ ಒಪೆರಾ ಉತ್ಸವ ನಡೆಯುತ್ತದೆ. ಊರಿಗೆ ಬರುವ ಹೆಚ್ಚಿನವರು ಅದಕ್ಕಾಗಿಯೇ ಬರುತ್ತಾರೆ. ನಾವು ಹೋದಾಗ ಉತ್ಸವಕ್ಕೆ ಇನ್ನೂ ಸಮಯವಿತ್ತು. ಮಾರುಕಟ್ಟೆಯ ದಡದಲ್ಲಿ ಮುಯಿಕ್ಕು ಎಂಬ ಬೆರಳುದ್ದದ ಬೆಳ್ಳಿಮೀನನ್ನು ರೈ ಹಿಟ್ಟಿನಲ್ಲಿ ಹೊರಳಿಸಿ, ಬೆಣ್ಣೆಯಲ್ಲಿ ಹುರಿದು ಕೊಡುತ್ತಿದ್ದರು. ಅದೇ ಮೀನು ನಾನು ನೋಡಲು ಬಂದಿದ್ದ ಪ್ರಾಣಿಯ ಊಟವೂ ಹೌದು. ಈ ಸರೋವರದ ಜಗಳ, ರಾಜಿ ಎಲ್ಲವೂ ಇಲ್ಲಿಂದಲೇ ಶುರುವಾಗುತ್ತವೆ.

ಸೀಲ್ ಕಡಲಿನ ಪ್ರಾಣಿ. ಅದು ಸಮುದ್ರಮಟ್ಟದಿಂದ 76 ಮೀಟರ್ ಎತ್ತರದ ಸಿಹಿನೀರಿಗೆ ಬಂದದ್ದಾದರೂ ಹೇಗೆ? ಅದು ಬರಲಿಲ್ಲ, ಇಲ್ಲೇ ಉಳಿದುಹೋಯಿತು. ಹಿಮಯುಗದಲ್ಲಿ ಈ ನೆಲದ ಮೇಲೆ ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜುಗಡ್ಡೆ ಕುಳಿತಿತ್ತು. ಅದು ಕರಗಿ ಉತ್ತರಕ್ಕೆ ಸರಿದಾಗ, ಅಷ್ಟು ಕಾಲ ಭಾರಕ್ಕೆ ತಗ್ಗಿದ್ದ ಭೂಮಿ ಮೆಲ್ಲಗೆ ಮೇಲೇಳತೊಡಗಿತು. ಮಂಜಿನ ಅಂಚು ತಂದು ಸುರಿದ ಜಲ್ಲಿ ಮರಳಿನ ಉದ್ದನೆಯ ದಿಣ್ಣೆ, ಸಲ್ಪೌಸ್ಸೆಲ್ಕ, ದಕ್ಷಿಣದಲ್ಲಿ ಒಡ್ಡಾಗಿ ನಿಂತಿತು. ಸುಮಾರು 9,500 ವರ್ಷಗಳ ಹಿಂದೆ ಕಡಲಿಗೂ ಈ ನೀರಿಗೂ ಸಂಬಂಧ ಕಡಿದುಹೋಯಿತು. ಒಳಗೆ ಉಳಿದ ಉಂಗುರ ಸೀಲ್‌ಗಳು ಅಲ್ಲಿಯೇ ಮರಿ ಹಾಕಿದವು, ಅಲ್ಲಿಯೇ ಸತ್ತವು, ಸಿಹಿನೀರಿಗೂ ಕತ್ತಲಿಗೂ ಒಗ್ಗಿಕೊಂಡವು. ಉಪ್ಪುನೀರನ್ನು ಕಾಣದ ನೂರಾರು ತಲೆಮಾರುಗಳು ಇಲ್ಲಿ ಕಳೆದಿವೆ. ಊರವರು ಇದನ್ನು ನೊರ್ಪ ಎನ್ನುತ್ತಾರೆ.

ಸಿಹಿನೀರಿನ ಸೀಲ್‌ಗಳು ಬೇರೆ ಕಡೆಯೂ ಇವೆ. ನೆರೆಯ ರಷ್ಯಾದ ಲಡೋಗಾ ಸರೋವರದಲ್ಲಿ ಇದೇ ಉಂಗುರ ಸೀಲ್‌ನ ಇನ್ನೊಂದು ಕವಲು ಸಾವಿರಾರು ಸಂಖ್ಯೆಯಲ್ಲಿದೆ. ಸೈಬೀರಿಯಾದ ಬೈಕಾಲ್ ಸರೋವರದ ಸೀಲ್‌ಗಳು ಹತ್ತಾರು ಸಾವಿರ ಇವೆ. ಅವುಗಳ ಎದುರು ಸೈಮಾದ ಐನೂರು ತೀರಾ ಚಿಕ್ಕ ಸಂಖ್ಯೆ.

ಸವೊನ್ಲಿನ್ನದಿಂದ ಉತ್ತರಕ್ಕೆ ಒರಾವಿ ಎಂಬ ಹಳ್ಳಿ. ಒಂದು ಕಾಲಕ್ಕೆ ಇಲ್ಲಿ ಕಬ್ಬಿಣದ ಕುಲುಮೆ ಇತ್ತು. ಈಗ ದೋಣಿಕಟ್ಟೆ, ಒಂದು ಅಂಗಡಿ, ಕೆಲವು ಮರದ ಮನೆಗಳು. ಲಿನ್ನನ್ಸಾರಿ ರಾಷ್ಟ್ರೀಯ ಉದ್ಯಾನಕ್ಕೆ ಇಲ್ಲಿಂದಲೇ ದೋಣಿ. 1956ರಲ್ಲಿ ಆದ ಈ ಉದ್ಯಾನ ಬಹುಪಾಲು ನೀರೇ. ಹೌಕಿವೆಸಿಯ ನಡುವೆ ಚೆಲ್ಲಿಕೊಂಡ ದ್ವೀಪಗಳು, ಅವುಗಳ ಮೇಲೆ ಪೈನ್ ಮರಗಳು, ಮರದ ತುದಿಯಲ್ಲಿ ಮೀನು ಹಿಡಿಯುವ ಡೇಗೆಗಳ ಗೂಡು. ನಮ್ಮ ದೋಣಿ ನಡೆಸಿದವರು ಐವತ್ತರ ಆಸುಪಾಸಿನ ಹೆಂಗಸು. ಹುಟ್ಟಿದ್ದು ಇದೇ ದಡದಲ್ಲಂತೆ. ಹೊರಡುವ ಮೊದಲೇ ಅವರು ಎರಡು ಮಾತು ಹೇಳಿದರು: "ಕಂಡರೆ ಎದ್ದು ನಿಲ್ಲಬೇಡಿ. ಕಾಣದಿದ್ದರೆ ಹುಡುಕೋಣ ಅನ್ನಬೇಡಿ. ಅದು ನಮ್ಮನ್ನು ನೋಡಿ ನೀರಿಗೆ ಇಳಿದರೆ ಅವತ್ತಿನ ಬಿಸಿಲು ಅದಕ್ಕೆ ನಷ್ಟ."

ಆ ಬಿಸಿಲಿನ ಮಾತು ಅರ್ಥವಾದದ್ದು ಆಮೇಲೆ. ಮೇ ಕೊನೆಯ ವಾರಗಳಲ್ಲಿ ಸೀಲ್ ತನ್ನ ಹಳೆ ಕೂದಲು ಉದುರಿಸಿ ಹೊಸದನ್ನು ಹೊರುತ್ತದೆ. ಹೊಸ ಕೂದಲು ಬೆಳೆಯಲು ಚರ್ಮ ಬೆಚ್ಚಗಿರಬೇಕು. ಆದ್ದರಿಂದ ವರ್ಷದ ಉಳಿದ ಕಾಲವೆಲ್ಲ ನೀರೊಳಗೆ ಅಡಗಿರುವ ಈ ಪ್ರಾಣಿ ಆ ಕೆಲವು ವಾರ ಮಾತ್ರ ದಡದ ಬಂಡೆಯೇರಿ ಗಂಟೆಗಟ್ಟಲೆ ಮಲಗುತ್ತದೆ. ಮನುಷ್ಯರಿಗೆ ಅದು ಕಾಣಿಸುವುದೂ ಆಗಲೇ.

ಒಂದು ದ್ವೀಪದ ಮೂಲೆ ತಿರುಗುತ್ತಿದ್ದಂತೆ ಅವರು ಎಂಜಿನ್ ಆರಿಸಿದರು. ದೂರದಲ್ಲಿ, ನೀರಿನಿಂದ ಒಂದು ಗೇಣು ಮಾತ್ರ ಮೇಲೆದ್ದ ಬೂದು ಬಂಡೆ. ಅದರ ಮೇಲೆ ಅದೇ ಬಣ್ಣದ್ದೇನೋ ಇತ್ತು. ದುರ್ಬೀನು ಹಿಡಿದಾಗ ಬಂಡೆ ಬೇರೆಯಾಯಿತು, ಮೈ ಬೇರೆಯಾಯಿತು. ಹೊಟ್ಟೆ ಮಾತ್ರ ಕಲ್ಲಿಗೆ ತಾಗಿತ್ತು; ತಲೆ ಒಂದು ಕಡೆ ಎತ್ತಿ, ಹಿಂಗಾಲಿನ ಈಜುರೆಕ್ಕೆಗಳು ಇನ್ನೊಂದು ಕಡೆ ಎತ್ತಿ ಮಲಗಿತ್ತು. ಒಣಗಿದ ಬೆನ್ನು ತಿಳಿ ಬೂದು, ಇನ್ನೂ ಒದ್ದೆಯಿದ್ದ ಪಕ್ಕೆ ಹೆಚ್ಚುಕಡಿಮೆ ಕಪ್ಪು. ಆ ಕಪ್ಪಿನ ಮೇಲೆ ತಿಳಿ ಬಣ್ಣದ ಉಂಗುರಗಳು, ಕೆಲವು ಪೂರ್ತಿ, ಕೆಲವು ಅರ್ಧ, ಕೆಲವು ಒಂದರೊಳಗೊಂದು ಸಿಕ್ಕಿಕೊಂಡವು. ಉದುರಿದ ಕೂದಲು ಬಂಡೆಯ ಅಂಚಿನಲ್ಲಿ ಮೆತ್ತಿಕೊಂಡಿತ್ತು. ಮುಂಗಾಲಿನ ಉಗುರುಗಳು ಇಷ್ಟು ದೂರದಿಂದಲೂ ಎಣಿಸುವಷ್ಟು ಗಟ್ಟಿಯಾಗಿದ್ದವು. ಚಳಿಗಾಲದಲ್ಲಿ ಮಂಜುಗಡ್ಡೆಯನ್ನು ಕೆಳಗಿನಿಂದ ಕೆರೆದು, ಉಸಿರಾಡುವ ಕಂಡಿಗಳು ಮುಚ್ಚದಂತೆ ತಿಂಗಳುಗಟ್ಟಲೆ ಕಾಯ್ದುಕೊಳ್ಳುವುದು ಈ ಉಗುರುಗಳಿಂದಲೇ.

ಉಂಗುರಗಳ ಈ ವಿನ್ಯಾಸ ಒಂದು ಸೀಲ್‌ನದು ಇನ್ನೊಂದಕ್ಕಿಲ್ಲ, ಜೀವಮಾನವಿಡೀ ಬದಲಾಗುವುದೂ ಇಲ್ಲ. ಯೊಯೆನ್ಸು ಪಟ್ಟಣದಲ್ಲಿರುವ ಪೂರ್ವ ಫಿನ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಫೋಟೋಗಳಿಂದಲೇ ಒಂದೊಂದನ್ನೂ ಗುರುತು ಹಿಡಿಯುತ್ತಾರೆ. ಯಾವುದು ಎಲ್ಲಿ ಮಲಗಿತ್ತು, ಯಾವ ಹೆಣ್ಣು ಯಾವ ದ್ವೀಪ ಬಿಟ್ಟು ಕದಲುವುದಿಲ್ಲ, ಯಾವುದು ಎರಡು ವರ್ಷದಿಂದ ಕಂಡಿಲ್ಲ ಎಂಬುದೆಲ್ಲ ಹೀಗೆ ತಿಳಿಯುತ್ತದೆ. ಒಂದು ಇಡೀ ಕುಲದ ಬಹುಪಾಲು ಸದಸ್ಯರ ಮುಖಪರಿಚಯ ಇಟ್ಟುಕೊಳ್ಳಬಹುದು ಎಂದರೆ ಆ ಕುಲ ಎಷ್ಟು ಸಣ್ಣದು ಎಂಬುದು ಮನಸ್ಸಿಗೆ ನಾಟುತ್ತದೆ.

ಅದು ಒಮ್ಮೆ ನಮ್ಮ ಕಡೆ ತಿರುಗಿತು. ಅಗಲವಾದ, ಕಪ್ಪಾದ ಕಣ್ಣುಗಳು. ಮೂತಿಯ ಎರಡೂ ಬದಿಗೆ ಮೀಸೆ. ಸೈಮಾದ ನೀರು ಸುತ್ತಲಿನ ಜೌಗು ಕಾಡಿನಿಂದ ಇಳಿದು ಬರುವ ಸಾರದಿಂದ ಕಂದಾಗಿದೆ. ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ, ಅದರ ಮೇಲೆ ಹಿಮ, ಅದರ ಮೇಲೆ ಉತ್ತರದೇಶದ ಉದ್ದನೆಯ ರಾತ್ರಿ. ಅಷ್ಟು ಕತ್ತಲಲ್ಲಿ ಮೀನು ಹಿಡಿಯಲು, ಕಂಡಿ ಹುಡುಕಿ ವಾಪಸು ಬರಲು ಕಣ್ಣು ಸಾಲದು. ಈ ಸೀಲ್‌ನ ಒಂದೊಂದು ಮೀಸೆಗೂದಲಿನ ಬುಡಕ್ಕೂ ಸಾವಿರಕ್ಕೂ ಮಿಕ್ಕಿದ ನರತಂತುಗಳು ಬಂದು ಸೇರುತ್ತವೆ ಎಂದು ಫಿನ್ಲೆಂಡಿನ ವಿಜ್ಞಾನಿಗಳು 1980ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದಾರೆ. ನೀರಿನ ಅಲುಗಾಟವನ್ನು ಮೀಸೆಯಿಂದ ತಿಳಿದು ಅದು ಬದುಕುತ್ತದೆ. ಹತ್ತು ಸಾವಿರ ವರ್ಷಗಳಲ್ಲಿ ಒಂದು ಸರೋವರಕ್ಕಾಗಿ ಹದಗೊಂಡ ದೇಹ ಇದು. ಇದನ್ನು ಬೇರೆಲ್ಲೋ ಒಯ್ದು ಬಿಟ್ಟು ಉಳಿಸುತ್ತೇವೆ ಎನ್ನುವ ಮಾತಿಗೆ ಅರ್ಥವಿಲ್ಲ.

ಇಂಥ ಪ್ರಾಣಿಯನ್ನು ಮನುಷ್ಯ ಬಹಳ ಕಾಲ ಕಳ್ಳನೆಂದೇ ಕಂಡ. ಬಲೆ ಹರಿಯುತ್ತದೆ, ಮೀನು ತಿನ್ನುತ್ತದೆ ಎಂದು 1882ರಿಂದ 1948ರವರೆಗೆ ಕೊಂದವರಿಗೆ ಬಹುಮಾನ ಸಿಗುತ್ತಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಸುಮಾರು ಏಳುನೂರು ಇದ್ದಿರಬಹುದು ಎಂದು ಅಂದಾಜು. 1955ರಲ್ಲಿ ಬೇಟೆಗೆ ನಿಷೇಧ ಬಂತು. ಬಂದೂಕು ಸುಮ್ಮನಾದರೂ ಸಾವು ನಿಲ್ಲಲಿಲ್ಲ. ಕಾಗದದ ಕಾರ್ಖಾನೆಗಳು ಬಳಸುತ್ತಿದ್ದ ಪಾದರಸ ನೀರಿಗಿಳಿದು, ಮೀನಿನ ಮೂಲಕ ಸೀಲ್‌ನ ಮೈ ಸೇರಿತು. ದಡದಲ್ಲೆಲ್ಲ ರಜಾದಿನದ ಮರದ ಮನೆಗಳೆದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಹತ್ತಿಯ ಬಲೆ ಹೋಗಿ ನೈಲಾನ್ ಬಲೆ ಬಂತು. 1980ರ ದಶಕದ ಹೊತ್ತಿಗೆ ಸರೋವರದಲ್ಲಿ ಉಳಿದವು ನೂರಿಪ್ಪತ್ತರಿಂದ ನೂರೈವತ್ತು.

ನೈಲಾನ್ ಬಲೆಯ ಕತೆಯನ್ನು ನನಗೆ ಬಿಡಿಸಿ ಹೇಳಿದವರು ನಾವು ಉಳಿದುಕೊಂಡಿದ್ದ ಮನೆಯ ಯಜಮಾನರು. ಎಪ್ಪತ್ತು ದಾಟಿದ ಅಜ್ಜ, ನಿವೃತ್ತರು. ಸಂಜೆ ಸೌನಾದಿಂದ ಬಂದು ದೋಣಿಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಗೋಡೆಗೆ ಬಲೆಗಳು ಸುರುಳಿ ಸುತ್ತಿ ತೂಗುಬಿದ್ದಿದ್ದವು. ಒಂದನ್ನು ಕೆಳಗಿಳಿಸಿ ನನ್ನ ಕೈಗಿತ್ತರು. ಗಾಳಿಯಲ್ಲಿ ಹಿಡಿದರೆ ದಾರವಿದೆಯೋ ಇಲ್ಲವೋ ಎನ್ನುವಷ್ಟು ಸಣ್ಣ. ಬೆರಳು ಸಿಕ್ಕಿಸಿ ಎಳೆದರೆ ಬೆರಳು ಕೊಯ್ಯುವಷ್ಟು ಗಟ್ಟಿ.

"ಹತ್ತಿ ಬಲೆಯನ್ನು ದೊಡ್ಡ ಸೀಲ್ ಹರಿದುಕೊಂಡು ಹೋಗುತ್ತಿತ್ತು. ನಮ್ಮಪ್ಪ ಬೈಯುತ್ತ ಕೂತು ಹೊಲಿಯುತ್ತಿದ್ದರು. ಇದನ್ನು ಅದು ಹರಿಯಲಾರದು. ಮರಿಯಂತೂ ಸಾಧ್ಯವೇ ಇಲ್ಲ," ಎಂದರು.

ಮರಿಗಳು ಹುಟ್ಟುವುದು ಫೆಬ್ರವರಿ ಕೊನೆ, ಮಾರ್ಚ್ ಸುಮಾರಿಗೆ. ವಸಂತದಲ್ಲಿ ಹಿಮ ಕರಗಿ, ಅದರೊಳಗಿನ ಗೂಡು ಬಯಲಾದಾಗ ತಾಯಿಯ ಹಾಲು ಬಿಡುತ್ತ ತಾವೇ ಮೀನು ಹುಡುಕಲು ಕಲಿಯುತ್ತವೆ. ಅನುಭವವಿಲ್ಲದ ವಯಸ್ಸು, ಎಲ್ಲದರ ಮೇಲೂ ಕುತೂಹಲ. ನೀರಿನಲ್ಲಿ ಕಾಣದ ಗೋಡೆಯಾಗಿ ನಿಂತ ಬಲೆಗೆ ತಲೆ ತೂರಿಸಿದರೆ ಹಿಂದಕ್ಕೆ ಬರಲಾಗುವುದಿಲ್ಲ. ಸೀಲ್‌ಗೂ ಉಸಿರಾಡಲು ಗಾಳಿ ಬೇಕು. ಮೇಲೆ ಬರಲಾಗದ ಮರಿ ಅಲ್ಲೇ ಮುಳುಗಿ ಸಾಯುತ್ತದೆ. ಹೀಗೆ ಸತ್ತವುಗಳಲ್ಲಿ ಹೆಚ್ಚಿನವು ಆ ವರ್ಷದ ಮರಿಗಳೇ. ಹೆಣ್ಣು ಸೀಲ್ ವರ್ಷಕ್ಕೆ ಹೆಚ್ಚೆಂದರೆ ಒಂದೇ ಮರಿ ಹಾಕುತ್ತದೆ. ಅದು ಮರಿ ಹಾಕುವ ವಯಸ್ಸಿಗೆ ಬರಲು ನಾಲ್ಕೈದು ವರ್ಷ ಬೇಕು. ನೂರೈವತ್ತಿರುವ ಕುಲದಲ್ಲಿ ಒಂದು ಮರಿ ಹೋದರೂ ಲೆಕ್ಕ ತಪ್ಪುತ್ತದೆ.

ಇದನ್ನು ತಡೆಯಲು ಮೊದಮೊದಲು ದಡದ ನೀರಿನ ಹಕ್ಕುದಾರರ ಜೊತೆ ಮಾತುಕತೆಯಾಯಿತು. ಫಿನ್ಲೆಂಡಿನಲ್ಲಿ ಇಂಥ ನೀರಿನ ಬಹುಭಾಗ ದಡದ ಊರವರ ಪಾಲುದಾರಿಕೆಯ ಆಸ್ತಿ. ಮೀನಿನ ಹಕ್ಕು ಅವರದೇ. ಪರಿಹಾರ ಕೊಟ್ಟು, ಒಪ್ಪಂದ ಮಾಡಿಕೊಂಡು, ಒಂದೊಂದೇ ಭಾಗದಲ್ಲಿ ವಸಂತದ ಬಲೆ ನಿಲ್ಲಿಸಿದರು. 2011ರಲ್ಲಿ ಸರ್ಕಾರದ ಆದೇಶವೇ ಬಂತು: ಸೀಲ್ ಮರಿ ಹಾಕುವ ವಿಶಾಲ ಪ್ರದೇಶದಲ್ಲಿ ಏಪ್ರಿಲ್ 15ರಿಂದ ಜೂನ್ 30ರವರೆಗೆ ಬಲೆ ಇಡುವಂತಿಲ್ಲ. ಮುಂದೆ ಆ ಪ್ರದೇಶ ಇನ್ನಷ್ಟು ಹಿಗ್ಗಿತು.

ಕೇಳಲು ಇದು ಸಣ್ಣ ವಿಷಯ. ಆದರೆ ಆ ದಡದಲ್ಲಿ ಕೂತು ಕೇಳಿದಾಗ ಅದರ ತೂಕ ಬೇರೆ. ಆರು ತಿಂಗಳ ಚಳಿ ಕಳೆದು ಮಂಜುಗಡ್ಡೆ ಒಡೆದು ದೋಣಿ ನೀರಿಗಿಳಿಸುವ ದಿನಕ್ಕಾಗಿ ಈ ಜನ ಕಾದಿರುತ್ತಾರೆ. ವಸಂತದ ಬಲೆ ಅವರಿಗೆ ಮೀನು ಮಾತ್ರ ತರುವುದಲ್ಲ, ಅಪ್ಪ ಅಜ್ಜಂದಿರಿಂದ ಬಂದ ವರ್ಷದ ಮೊದಲ ಕೆಲಸ. ಅದನ್ನು ಬಿಡಿ ಎಂದು ರಾಜಧಾನಿಯವರು ಹೇಳಿದಾಗ ಊರಿನಲ್ಲಿ ಸಿಟ್ಟಿತ್ತು ಎಂದು ಅಜ್ಜ ಮುಚ್ಚುಮರೆಯಿಲ್ಲದೆ ಹೇಳಿದರು. ಅವರಿಗೂ ಸಿಟ್ಟು ಬಂದಿತ್ತು.

"ಮತ್ತೆ ಒಪ್ಪಿದ್ದು ಹೇಗೆ?" ಎಂದೆ.

"ಪಕ್ಕದ ಮನೆಯವನ ಬಲೆಯಲ್ಲಿ ಮರಿ ಸತ್ತು ಬಂತು. ಅವನು ಅದನ್ನು ದಡಕ್ಕೆ ತಂದು ಮಲಗಿಸಿ, ಅವತ್ತೇ ಬಲೆ ಎತ್ತಿಟ್ಟ. ಅವನು ಎತ್ತಿಟ್ಟ ಮೇಲೆ ನಾನು ಇಡುವುದು ಹೇಗೆ?"

ಆಮೇಲೆ ಅವರು ಮೂಲೆಯಲ್ಲಿದ್ದ ತಂತಿಯ ಬುಟ್ಟಿಯನ್ನು ಬೆಳಕಿಗೆ ಎಳೆದು ತೋರಿಸಿದರು. ಕತಿಸ್ಕ ಎನ್ನುತ್ತಾರೆ ಅದಕ್ಕೆ. ನಮ್ಮ ಮಲೆನಾಡಿನ ಕೂಣಿಯ ಹಾಗೆ, ಮೀನು ಒಳಗೆ ಹೋಗಬಹುದು, ಹೊರಗೆ ಬರಲಾರದು. ಮೀನು ಜೀವಂತ ಉಳಿಯುವುದರಿಂದ ಬೇಡದ್ದನ್ನು ವಾಪಸು ಬಿಡಬಹುದು. ಇದರ ಬಾಯಿಗೆ ಒಂದು ಗಟ್ಟಿ ಬಳೆ ಕಟ್ಟಿದ್ದರು. ಆ ಬಳೆಯಲ್ಲಿ ಮೀನು ತೂರುತ್ತದೆ, ಸೀಲ್ ಮರಿಯ ತಲೆ ತೂರುವುದಿಲ್ಲ. ಒಂದು ಮೊಳದ ತಂತಿಯ ಖರ್ಚು. ವಸಂತದಲ್ಲಿ ಈಗ ಅವರ ಮನೆಯ ಮೀನು ಬರುವುದು ಈ ಬುಟ್ಟಿಯಿಂದಲೇ.

ಇದನ್ನು ಕಂಡ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು. ಸೈಮಾದ ಸೀಲ್‌ಗೆ ಬೇಲಿ ಹಾಕಿದ ಅಭಯಾರಣ್ಯವಷ್ಟೇ ಸಾಲುತ್ತಿರಲಿಲ್ಲ. ಲಿನ್ನನ್ಸಾರಿ ಇದೆ, 1990ರಲ್ಲಿ ಆದ ಕೊಲೊವೆಸಿ ಉದ್ಯಾನವೂ ಇದೆ, ಅಲ್ಲಿ ಮೋಟಾರು ದೋಣಿಗಳಿಗೇ ಅವಕಾಶವಿಲ್ಲ. ಆದರೆ ಸೀಲ್‌ಗಳಲ್ಲಿ ಬಹಳಷ್ಟು ಈ ಉದ್ಯಾನಗಳ ಆಚೆಗೆ, ಪಿಹ್ಲಯವೆಸಿಯಂಥ ಕಡೆ, ಜನರ ಮನೆಗಳ ಎದುರೇ ಮರಿ ಹಾಕುತ್ತವೆ. ಈ ದೇಶದಲ್ಲಿ ಯಾರು ಬೇಕಾದರೂ ಕಾಡಿನಲ್ಲಿ ಓಡಾಡಬಹುದು, ದೋಣಿ ಹುಟ್ಟು ಹಾಕಬಹುದು, ಹಣ್ಣು ಕೀಳಬಹುದು; ಅದು ಎಲ್ಲರ ಹಕ್ಕು. ಸೈಮಾದ ದಡದಲ್ಲಿ ಹತ್ತಾರು ಸಾವಿರ ರಜಾಮನೆಗಳಿವೆ. ಇಷ್ಟು ಜನರ ನಡುವೆ ಐನೂರು ಸೀಲ್‌ಗಳು ಬದುಕಬೇಕಾದರೆ ಆ ಮನೆಗಳ ಜನ ಒಪ್ಪಬೇಕು. ಚಳಿಗಾಲದಲ್ಲಿ ದಡದ ಮಂಜಿನ ಮೇಲೆ ಹಿಮಬಂಡಿ ಓಡಿಸದಿರಲು, ನಾಯಿಯನ್ನು ಬಿಟ್ಟು ಓಡಾಡದಿರಲು, ಎದುರಿನ ಬಂಡೆಯ ಮೇಲೆ ಒಂದು ಪ್ರಾಣಿ ಮಲಗಿದ್ದಾಗ ದೋಣಿಯನ್ನು ಸುತ್ತುಬಳಸಿ ಒಯ್ಯಲು ಒಪ್ಪಬೇಕು.

ನೀರಿನ ಮಟ್ಟವೂ ಒಂದು ಒಪ್ಪಂದದ ವಿಷಯ. ಸೈಮಾದ ನೀರು ವೂಕ್ಸಿ ನದಿಯಾಗಿ ಇಮಾತ್ರದ ಬಳಿ ದಿಣ್ಣೆ ಸೀಳಿ ರಷ್ಯಾದ ಲಡೋಗಾಕ್ಕೆ ಹೋಗುತ್ತದೆ. ನೀರು ಬಿಡುವ ಬಗ್ಗೆ ಎರಡು ದೇಶಗಳ ನಡುವಿನ ಒಪ್ಪಂದ 1991ರಲ್ಲಿ ಜಾರಿಗೆ ಬಂತು. ಚಳಿಗಾಲದಲ್ಲಿ ಮಟ್ಟ ಹಠಾತ್ತನೆ ಇಳಿದರೆ ದಡದ ಮಂಜುಗಡ್ಡೆ ಕುಸಿದು ಸೀಲ್‌ನ ಗೂಡು ಒಡೆಯುತ್ತದೆ. ಏರಿದರೆ ಗೂಡಿನೊಳಗೆ ನೀರು ನುಗ್ಗುತ್ತದೆ. ಹಾಗಾಗಿ ಗೂಡಿನ ಕಾಲದಲ್ಲಿ ಮಟ್ಟ ಹೆಚ್ಚು ಏರಿಳಿಯದಂತೆ ನೋಡಿಕೊಳ್ಳುವುದು ಸರೋವರ ನಿರ್ವಹಿಸುವವರ ಕೆಲಸದ ಭಾಗವಾಗಿದೆ.

ಈ ಎಲ್ಲದರ ಫಲ ಕಣ್ಣೆದುರಿಗಿದೆ. 2025ರ ಹೊತ್ತಿಗೆ ನಾನೂರು ಮುಟ್ಟಬೇಕು ಎಂದು ಹಾಕಿಕೊಂಡಿದ್ದ ಗುರಿ ಮೊದಲೇ ಈಡೇರಿತು. ಈಗ ವರ್ಷಕ್ಕೆ ನೂರರ ಆಸುಪಾಸು ಮರಿಗಳು ಹುಟ್ಟುತ್ತಿವೆ. ಫಿನ್ಲೆಂಡಿನ ಕೆಂಪು ಪಟ್ಟಿಯಲ್ಲಿ 2010ರಲ್ಲಿ 'ತೀವ್ರ ಅಪಾಯ'ದ ಸಾಲಿನಲ್ಲಿದ್ದ ಪ್ರಾಣಿ ಆಮೇಲೆ ಒಂದು ಮೆಟ್ಟಿಲು ಇಳಿದು 'ಅಪಾಯ'ದ ಸಾಲಿಗೆ ಬಂದಿದೆ. ದೇಶದ ನಿಸರ್ಗ ಸಂರಕ್ಷಣಾ ಸಂಘದ ಲಾಂಛನವೂ ಇದೇ ಸೀಲ್. 2016ರಿಂದ ಡಬ್ಲ್ಯು.ಡಬ್ಲ್ಯು.ಎಫ್. ಒಂದು ಬಂಡೆಯ ಎದುರು ಕ್ಯಾಮೆರಾ ಇಟ್ಟು ವಸಂತದಲ್ಲಿ ನೇರಪ್ರಸಾರ ಮಾಡುತ್ತಿದೆ. ಪುಲ್ಲೆರ್ವೊ ಎಂದು ಹೆಸರಿಟ್ಟ ದಪ್ಪ ಸೀಲ್ ಒಂದು ಆ ಬಂಡೆ ಏರಿ ಮಲಗುವುದನ್ನು ನೋಡಲು ದೇಶದ ಜನ ಕಾಯುತ್ತಾರೆ. ಕಚೇರಿಯಲ್ಲಿ ಕೆಲಸದ ನಡುವೆ ಆ ಖಾಲಿ ಬಂಡೆಯನ್ನು ಒಂದು ಮೂಲೆಯಲ್ಲಿ ತೆರೆದಿಟ್ಟುಕೊಳ್ಳುವವರು ತಮ್ಮಲ್ಲಿಯೂ ಇದ್ದಾರೆ ಎಂದು ಎಸ್ಪೂದ ಗೆಳೆಯ ಹೇಳಿದ. ಸಂರಕ್ಷಣೆಗೆ ಇಂಥ ಪ್ರೀತಿಯೂ ಬೇಕು. ಮುಖ ಕಂಡ ಪ್ರಾಣಿಗಾಗಿ ಜನ ಬಲೆ ಎತ್ತಿಡುತ್ತಾರೆ.

ಹಾಗಿದ್ದರೂ ನಿಶ್ಚಿಂತೆಯಿಂದ ಇರುವ ಕಾಲ ಬಂದಿಲ್ಲ. ಅದಕ್ಕೆ ಕಾರಣವನ್ನು ದೋಣಿಯ ಆ ಹೆಂಗಸು ವಾಪಸು ಬರುವಾಗ ತಮ್ಮ ಫೋನಿನಲ್ಲಿ ತೋರಿಸಿದರು. ಜನವರಿಯ ಚಿತ್ರಗಳು. ನಾವು ಆಗಷ್ಟೇ ದಾಟಿ ಬಂದ ನೀರು ಬಿಳಿ ಮೈದಾನವಾಗಿದೆ. ಬೆಚ್ಚನೆಯ ಬಟ್ಟೆ ತೊಟ್ಟ ಏಳೆಂಟು ಮಂದಿ ಸಲಿಕೆ, ಹಿಮ ತಳ್ಳುವ ಅಗಲವಾದ ಮೊರ ಹಿಡಿದು ದಡದಂಚಿನ ಮಂಜುಗಡ್ಡೆಯ ಮೇಲೆ ಹಿಮ ಗುಡ್ಡೆ ಹಾಕುತ್ತಿದ್ದಾರೆ. ಒಂದೊಂದು ಗುಡ್ಡೆಯೂ ಆಳುದ್ದಕ್ಕಿಂತ ಹಲವು ಪಟ್ಟು ಉದ್ದ, ಎದೆಮಟ್ಟ ಎತ್ತರ.

ಸೀಲ್‌ಗೆ ಹಿಮವೇ ಹೆರಿಗೆಮನೆ. ಗಾಳಿ ತಂದು ದ್ವೀಪದ ಅಂಚಿಗೆ ಒಟ್ಟಿದ ಹಿಮದ ದಿಬ್ಬದ ಕೆಳಗೆ, ಮಂಜುಗಡ್ಡೆಯನ್ನು ಕೊರೆದು ಹೆಣ್ಣು ಸೀಲ್ ಮೇಲೆ ಬರುತ್ತದೆ. ದಿಬ್ಬದೊಳಗೆ ಒಂದು ಕೋಣೆ ತೋಡಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ನಾಲ್ಕೈದು ಕಿಲೋ ತೂಕದ ಮರಿ, ಬೂದುಬಿಳಿಯ ಮೆತ್ತನೆ ಕೂದಲಿನದು, ಆ ಕೋಣೆಯಲ್ಲಿ ಹುಟ್ಟಿ ಹಾಲು ಕುಡಿದು ಬೆಳೆಯುತ್ತದೆ. ಹೊರಗೆ ಇಪ್ಪತ್ತು ಡಿಗ್ರಿ ಮೈನಸ್ ಇದ್ದರೂ ಒಳಗೆ ತಡೆಯುವಷ್ಟು ಬೆಚ್ಚಗಿರುತ್ತದೆ. ನರಿ ವಾಸನೆ ಹಿಡಿಯುವುದು ಕಷ್ಟ. ದಿಬ್ಬವಿಲ್ಲದಿದ್ದರೆ ಮರಿ ಬಯಲು ಮಂಜಿನ ಮೇಲೆ ಹುಟ್ಟುತ್ತದೆ. ಚಳಿಗೂ ನರಿಗೂ ಕಾಗೆಗೂ ಸಿಗುತ್ತದೆ. 2006, 2007ರ ಹಿಮ ಕೊರತೆಯ ಚಳಿಗಾಲಗಳಲ್ಲಿ ಮರಿಗಳ ಸಾವು ಏರಿದಾಗ ಇದು ಎಲ್ಲರಿಗೂ ಮನದಟ್ಟಾಯಿತು.

ಹಿಮ ಬೀಳದಿದ್ದರೆ ನಾವೇ ಗುಡ್ಡೆ ಹಾಕಿದರೆ ಸೀಲ್ ಒಪ್ಪೀತೇ? ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗ ಮಾಡಿ ನೋಡಿದರು. ಒಪ್ಪಿತು. 2014ರ ಕೆಟ್ಟ ಚಳಿಗಾಲದಲ್ಲಿ ಮೊದಲ ಸಲ ದೊಡ್ಡ ಪ್ರಮಾಣದಲ್ಲಿ, ಇನ್ನೂರಕ್ಕೂ ಹೆಚ್ಚು ದಿಬ್ಬಗಳನ್ನು ಕಟ್ಟಿದರು. ಆ ವರ್ಷ ಲೆಕ್ಕಕ್ಕೆ ಸಿಕ್ಕ ಮರಿಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಮನುಷ್ಯರು ಕಟ್ಟಿದ ದಿಬ್ಬಗಳಲ್ಲಿಯೇ. ಅಂದಿನಿಂದ ಹಿಮ ಕಡಿಮೆಯಾದ ವರ್ಷಗಳಲ್ಲೆಲ್ಲ ಸರ್ಕಾರದ ಅರಣ್ಯ ಸಂಸ್ಥೆಯಾದ ಮೆತ್ಸಹಲ್ಲಿತುಸ್ ತರಬೇತಿ ಕೊಟ್ಟ ಸ್ವಯಂಸೇವಕರನ್ನು ಕರೆಯುತ್ತದೆ. ಎಲ್ಲಿ ಕಟ್ಟಬೇಕು ಎಂದು ಹಿಂದಿನ ವರ್ಷಗಳ ಗೂಡುಗಳ ನಕ್ಷೆ ನೋಡಿ ಸಂಸ್ಥೆಯವರೇ ಹೇಳುತ್ತಾರೆ. ಶಾಲೆಯ ಮೇಷ್ಟ್ರು, ನರ್ಸು, ನಿವೃತ್ತ ಚಾಲಕ ಎಲ್ಲರೂ ಬರುತ್ತಾರೆ. ಐದಾರು ಗಂಟೆಯ ಬೆಳಕಿನಲ್ಲಿ ಕೆಲಸ ಮುಗಿಸಿ, ಮತ್ತೆ ಆ ಕಡೆ ಹೆಜ್ಜೆ ಇಡದೆ ಹಿಂದಿರುಗುತ್ತಾರೆ. ಏಪ್ರಿಲ್‌ನಲ್ಲಿ ಹಿಮ ಕರಗಿದಾಗ ಗಣತಿಯವರು ಹೋಗಿ ನೋಡುತ್ತಾರೆ: ಒಳಗೆ ಗೂಡಿತ್ತೇ, ಮರಿಯ ಕೂದಲು ಬಿದ್ದಿದೆಯೇ.

"ನಮ್ಮ ದಿಬ್ಬದಲ್ಲಿ ಮರಿ ಹುಟ್ಟಿತ್ತು ಅಂತ ಫೋನ್ ಬಂತು," ಎಂದರು ಆಕೆ. ಮುಖದಲ್ಲಿದ್ದ ಹೆಮ್ಮೆಯನ್ನು ಅಡಗಿಸಲಿಲ್ಲ. ತುಸು ಹೊತ್ತು ಸುಮ್ಮನಿದ್ದು, "ಆದರೆ ಹಿಮ ಇಲ್ಲದಿದ್ದರೆ ಏನನ್ನು ಗುಡ್ಡೆ ಹಾಕುವುದು? ಮಂಜುಗಡ್ಡೆಯೇ ತೆಳುವಾದರೆ ನಾವು ನಿಲ್ಲುವುದು ಎಲ್ಲಿ?" ಎಂದು ಕೇಳಿದರು.

ಆ ದಿನಕ್ಕೂ ತಯಾರಿ ನಡೆದಿದೆ. ನೀರಿನ ಮೇಲೆ ತೇಲುವ, ಕೆಳಗಿನಿಂದ ಬಾಗಿಲಿರುವ ಕೃತಕ ಗೂಡುಪೆಟ್ಟಿಗೆಗಳನ್ನು ಯೊಯೆನ್ಸುವಿನ ಸಂಶೋಧಕರು ರೂಪಿಸಿದ್ದಾರೆ. ಯುರೋಪಿಯನ್ ಒಕ್ಕೂಟದ ನೆರವಿನಲ್ಲಿ ಅವುಗಳನ್ನು ಸರೋವರದಲ್ಲಿ ಇಟ್ಟಿದ್ದಾರೆ, ಸೀಲ್‌ಗಳು ಅವನ್ನೂ ಬಳಸಿವೆ. ಮನುಷ್ಯನ ಬುದ್ಧಿಗೂ ತಾಳ್ಮೆಗೂ ಇದು ದೊಡ್ಡ ಸಾಕ್ಷಿ. ಆದರೆ ಪೆಟ್ಟಿಗೆಗಳನ್ನು ಪ್ರತಿವರ್ಷ ಇಡಬೇಕು, ತೆಗೆಯಬೇಕು, ರಿಪೇರಿ ಮಾಡಬೇಕು. ಐನೂರು ಇದ್ದದ್ದು ಸಾವಿರವಾದರೆ ಪೆಟ್ಟಿಗೆಗಳೂ ಅಷ್ಟೇ ಹೆಚ್ಚಬೇಕು. ಪುಕ್ಕಟೆಯಾಗಿ ಸಿಗುತ್ತಿದ್ದ ಚಳಿಗಾಲಕ್ಕೆ ಬದಲಿ ಕಟ್ಟುವುದು ಇಷ್ಟು ದುಬಾರಿ. ಇದರ ಜೊತೆಗೆ ಇನ್ನೊಂದು ಕಷ್ಟವಿದೆ. ದ್ವೀಪಗಳ ಚಕ್ರವ್ಯೂಹದಲ್ಲಿ ಈ ಐನೂರು ಸೀಲ್‌ಗಳೂ ಒಂದೇ ಕಡೆ ಇಲ್ಲ. ಹೌಕಿವೆಸಿ, ಪಿಹ್ಲಯವೆಸಿಗಳಲ್ಲಿ ಹೆಚ್ಚು, ಸರೋವರದ ಎರಡು ತುದಿಗಳಲ್ಲಿ ಕೆಲವೇ ಕೆಲವು. ವಂಶವೈವಿಧ್ಯ ಮೊದಲೇ ಕಡಿಮೆ. ಒಂದು ಮೂಲೆಯ ಗುಂಪು ಕರಗಿದರೆ ಅಲ್ಲಿಗೆ ಬೇರೆಯವು ಬಂದು ತುಂಬಲು ಬಹಳ ಕಾಲ ಬೇಕು.

ಹೀಗಾಗಿ ಐನೂರು ಎಂಬ ಸಂಖ್ಯೆಯನ್ನು ಗೆಲುವು ಎಂದು ಬರೆದು ಮುಗಿಸುವಂತಿಲ್ಲ. ದಡದ ಜನ ತಮ್ಮ ಕೈಯಲ್ಲಿ ಆಗುವುದನ್ನು ಮಾಡಿದ್ದಾರೆ. ಬಂದೂಕು ಇಳಿಸಿದರು, ಬಲೆ ಎತ್ತಿಟ್ಟರು, ಬುಟ್ಟಿಯ ಬಾಯಿಗೆ ಬಳೆ ಕಟ್ಟಿದರು, ಜನವರಿಯ ಚಳಿಯಲ್ಲಿ ಸಲಿಕೆ ಹಿಡಿದರು. ಚಳಿಗಾಲವನ್ನು ಉಳಿಸುವುದು ಮಾತ್ರ ಅವರಷ್ಟರಿಂದಲೇ ಆಗುವ ಕೆಲಸವಲ್ಲ. ಆ ಹಿಮ ಕರಗುವುದರಲ್ಲಿ ಹೆಲ್ಸಿಂಕಿಯ ಪಾಲಿದೆ, ಬೆಂಗಳೂರಿನ ಪಾಲೂ ಇದೆ. ನಾನು ಅಲ್ಲಿಗೆ ಹಾರಿಹೋದ ವಿಮಾನದ ಹೊಗೆಯ ಪಾಲೂ ಇದೆ.

ನಮ್ಮ ನದಿಗಳಲ್ಲಿಯೂ ಮೀನನ್ನೇ ನಂಬಿ ಬದುಕುವ, ಮೀನುಗಾರರ ಸಿಟ್ಟಿಗೆ ಗುರಿಯಾದ ಪ್ರಾಣಿ ಇದೆ. ತುಂಗಭದ್ರೆಯ ನೀರುನಾಯಿಗಳಿಗಾಗಿ ಕರ್ನಾಟಕ ಸರ್ಕಾರ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಘೋಷಣೆ ದೊಡ್ಡ ಹೆಜ್ಜೆಯೇ. ಆದರೆ ಸೈಮಾದಲ್ಲಿ ಸೀಲ್ ಉಳಿದದ್ದು ಘೋಷಣೆಯ ನಂತರದ ಕೆಲಸದಿಂದ. ಮೀನುಗಾರರ ಜೊತೆ ಕೂತು ಮಾತಾಡಿದ್ದರಿಂದ, ನಷ್ಟ ಕಟ್ಟಿಕೊಟ್ಟದ್ದರಿಂದ, ಬಲೆಗೆ ಬದಲಿ ತೋರಿಸಿದ್ದರಿಂದ, ವರ್ಷವರ್ಷವೂ ಬಿಡದೆ ಎಣಿಸಿದ್ದರಿಂದ. ಮರಿಗಳ ಕಾಲದಲ್ಲಿ ಬಲೆ ಬೇಡ, ಸಿಡಿಮದ್ದು ಯಾವ ಕಾಲಕ್ಕೂ ಬೇಡ ಎನ್ನುವ ಮಾತು ಕಂಪ್ಲಿಯ ದಡದಲ್ಲಿಯೂ ಊರವರ ಬಾಯಿಂದಲೇ ಬರಬೇಕು. ಅದಕ್ಕೆ ಬೇಕಾದ ಮಾತುಕತೆಗೆ ನಾವು, ನಮ್ಮ ಅರಣ್ಯ ಇಲಾಖೆ, ನಮ್ಮ ವಿಶ್ವವಿದ್ಯಾಲಯಗಳು ಈಗಲೇ ಮುಂದಾಗಬೇಕು. ಸಂಖ್ಯೆ ನೂರಿಪ್ಪತ್ತಕ್ಕೆ ಇಳಿಯುವವರೆಗೆ ಕಾದರೆ ಮತ್ತೆ ಐನೂರಕ್ಕೆ ಬರಲು ನಲವತ್ತು ವರ್ಷ ಬೇಕು ಎಂಬುದನ್ನು ಸೈಮಾ ತೋರಿಸಿಕೊಟ್ಟಿದೆ.